ವಿಮಾನದ ಸಾಫ್ಟ್‌ವೇರ್‌ಗೆ ಯಾವ ಮುಕ್ತ ಮಾನದಂಡ? ಏರಿಂಕ್ 653, ಫೇಸ್, ಡಿಡಿಎಸ್, ಒಎಂಎಸ್: ಯಾವುದು ಎಲ್ಲಿಗೆ

ಏರಿಂಕ್ 653 (ಒಂದೇ ಕಂಪ್ಯೂಟರನ್ನು ಹಲವು ಅಪ್ಲಿಕೇಶನ್‌ಗಳಿಗೆ ಹಂಚುವ ಮಾನದಂಡ) ತೆಗೆದುಕೊಳ್ಳುವುದೋ ಫೇಸ್ (ಕೋಡನ್ನು ವಿಮಾನದಿಂದ ವಿಮಾನಕ್ಕೆ ಸಾಗಿಸಲು ಬಿಡುವ ಮಾನದಂಡ) ತೆಗೆದುಕೊಳ್ಳುವುದೋ ಎಂದು ಕೇಳುವುದು, ಮನೆಗೆ ಬಾಗಿಲು ಬೇಕೋ ಬೀಗ ಬೇಕೋ ಎಂದು ಕೇಳಿದ ಹಾಗೆ. ಫೇಸ್‌ನ ಸುರಕ್ಷತಾ ಪ್ರೊಫೈಲ್‌ಗಳು ಏರಿಂಕ್ 653 ಮತ್ತು ಪೋಸಿಕ್ಸ್ (ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಕರೆಗಳ ಮಾನದಂಡ) ಇವನ್ನೇ ತಮ್ಮ ತಳಪಾಯವಾಗಿ ಬಳಸುತ್ತವೆ. ಪೆಟ್ಟಿಗೆಗಳ ನಡುವೆ ದತ್ತಾಂಶ ಹಂಚುವ ಡಿಡಿಎಸ್ ಬೇಕೆಂದರೆ ಫೇಸ್‌ನ ಸಾಗಣೆ ಪದರದ ಕೆಳಗೆ ಹೋಗಿ ಕೂರುತ್ತದೆ. ವಿಮಾನ ಸಾಫ್ಟ್‌ವೇರ್ ಪ್ರಮಾಣೀಕರಣದ ಡಿಒ-178ಸಿ ಅಂತೂ ಈ ಸಾಲಿಗೇ ಸೇರಿದ್ದಲ್ಲ. ಅದು ಸಾಫ್ಟ್‌ವೇರ್ ಹೇಗಿರಬೇಕೆಂದು ಹೇಳುವುದಿಲ್ಲ, ಅದನ್ನು ಸರಿಯಾಗಿ ಕಟ್ಟಿದ್ದೀರಿ ಎಂಬುದಕ್ಕೆ ಏನೇನು ಪುರಾವೆ ಕೊಡಬೇಕೆಂದು ಹೇಳುತ್ತದೆ. ಆದರೂ ಯೋಜನೆಯ ಮೊದಲ ಸಭೆಯಲ್ಲಿ ಈ ಹೆಸರುಗಳೆಲ್ಲ ಒಂದೇ ಕೋಷ್ಟಕದಲ್ಲಿ ಪ್ರತಿಸ್ಪರ್ಧಿಗಳ ಹಾಗೆ ಬಂದು ನಿಲ್ಲುತ್ತವೆ. ಅಲ್ಲಿಂದಲೇ ಆಯ್ಕೆ ದಾರಿ ತಪ್ಪುತ್ತದೆ.

ಮುಕ್ತ ಮಾನದಂಡವೆಂದರೆ ಒಂದು ಕೀಲು. ಕೀಲು ಇದ್ದ ಕಡೆ ಬಿಚ್ಚಿ ಜೋಡಿಸಬಹುದು. ಆದರೆ ಪ್ರತಿ ಕೀಲಿಗೂ ತೂಕ, ವಿಳಂಬ, ಪರೀಕ್ಷೆಯ ಖರ್ಚು ಇದ್ದೇ ಇದೆ. ಹಾಗಾಗಿ ಮೊದಲು ಕೇಳಬೇಕಾದದ್ದು ಇಷ್ಟು: ಈ ವಿಮಾನ ಸೇವೆಯಲ್ಲಿರುವ ಮೂವತ್ತು ನಲವತ್ತು ವರ್ಷಗಳಲ್ಲಿ ಯಾವ ಭಾಗವನ್ನು ತೆಗೆದು ಬೇರೆಯವರು ಮಾಡಿದ್ದನ್ನು ಹಾಕಬೇಕಾಗಿ ಬರುತ್ತದೆ? ಬದಲಾಗುವುದು ಪ್ರೊಸೆಸರ್ ಬೋರ್ಡೋ, ಆಪರೇಟಿಂಗ್ ಸಿಸ್ಟಮ್ಮೋ, ರೇಡಿಯೋವೋ, ನಕ್ಷೆ ತೋರಿಸುವ ಅಪ್ಲಿಕೇಶನ್ನೋ, ಕಾಕ್‌ಪಿಟ್ ಪರದೆಯೋ? ಉತ್ತರ ಬೇರೆಯಾದರೆ ಮಾನದಂಡವೂ ಬೇರೆ.

ಏರಿಂಕ್ 653: ಒಂದೇ ಕಂಪ್ಯೂಟರ್‌ನಲ್ಲಿ ಹಲವರ ಸಂಸಾರ

1990ರ ದಶಕದಲ್ಲಿ ಮೊದಲು ಪ್ರಕಟವಾದ ಈ ಮಾನದಂಡದ ಕೆಲಸ ಒಂದೇ. ಒಂದೇ ಪ್ರೊಸೆಸರ್ ಮೇಲೆ ಬೇರೆ ಬೇರೆ ತಯಾರಕರ, ಬೇರೆ ಬೇರೆ ಸುರಕ್ಷತಾ ಮಟ್ಟದ ಅಪ್ಲಿಕೇಶನ್‌ಗಳು ಒಂದರ ಮೆಮೊರಿಯನ್ನು ಇನ್ನೊಂದು ಮುಟ್ಟದೆ, ಒಂದರ ಸಮಯವನ್ನು ಇನ್ನೊಂದು ಕದಿಯದೆ ಓಡಬೇಕು. ಪ್ರತಿ ಪಾರ್ಟಿಶನ್‌ಗೂ (ಅಪ್ಲಿಕೇಶನ್‌ಗೆಂದು ಬೇರ್ಪಡಿಸಿದ ಕೋಣೆ) ಮೇಜರ್ ಫ್ರೇಮ್ ಎಂಬ ಆವರ್ತದೊಳಗೆ ತನ್ನದೇ ಸಮಯದ ಕಿಟಕಿ ಇರುತ್ತದೆ. ಆ ಕಿಟಕಿ ಮುಗಿದರೆ ಕೆಲಸ ಅರ್ಧದಲ್ಲಿದ್ದರೂ ನಿಲ್ಲಬೇಕು. ಬೋಯಿಂಗ್ 787ರ ಸಾಮಾನ್ಯ ಕಂಪ್ಯೂಟರ್ ವ್ಯವಸ್ಥೆ ನಡೆಯುವುದು ಇದೇ ತತ್ವದ ಮೇಲೆ. ವಿಎಕ್ಸ್‌ವರ್ಕ್ಸ್ 653, ಇಂಟೆಗ್ರಿಟಿ-178, ಲಿಂಕ್ಸ್‌ಓಎಸ್-178, ಡಿಯೋಸ್, ಪೈಕ್‌ಓಎಸ್ ಇವೆಲ್ಲ ಈ ಇಂಟರ್ಫೇಸ್ ಕೊಡುವ ಆಪರೇಟಿಂಗ್ ಸಿಸ್ಟಮ್‌ಗಳು.

ಕಾಗದದ ಮೇಲೆ ಇದು ಸುಲಭ. ಪೆಟ್ಟು ಬೀಳುವುದು ಕಿಟಕಿಗಳ ಕ್ರಮದಲ್ಲಿ. ಮೇಜರ್ ಫ್ರೇಮ್ 40 ಮಿಲಿಸೆಕೆಂಡ್ ಎಂದುಕೊಳ್ಳಿ. ಸೆನ್ಸರ್ ಓದುವ ಪಾರ್ಟಿಶನ್ 0ರಿಂದ 8, ಲೆಕ್ಕ ಹಾಕುವುದು 10ರಿಂದ 25, ಪರದೆಗೆ ಕಳಿಸುವುದು 30ರಿಂದ 38. ಓದಲು ಆರಂಭಿಸಿದ 38 ಮಿಲಿಸೆಕೆಂಡ್‌ಗೆ ಪರದೆಯ ಪಾರ್ಟಿಶನ್ ತನ್ನ ಕೆಲಸ ಮುಗಿಸಿರುತ್ತದೆ. ಈಗ ಮೂರೂ ತಯಾರಕರು ತಮ್ಮ ತಮ್ಮ ಅನುಕೂಲಕ್ಕೆ ಕಿಟಕಿ ಕೇಳಿ ಕ್ರಮ ತಿರುಗುಮುರುಗಾಯಿತು ಎನ್ನಿ: ಪರದೆ 0ರಿಂದ 8, ಲೆಕ್ಕ 10ರಿಂದ 25, ಸೆನ್ಸರ್ 30ರಿಂದ 38. ಸೆನ್ಸರ್ 30ಕ್ಕೆ ಓದಿದ್ದನ್ನು ಲೆಕ್ಕದ ಪಾರ್ಟಿಶನ್ ನೋಡುವುದು ಮುಂದಿನ ಫ್ರೇಮ್‌ನಲ್ಲಿ, 50ಕ್ಕೆ. ಪರದೆಗೆ ಸಿಗುವುದು ಅದರ ಮುಂದಿನ ಫ್ರೇಮ್‌ನ 80ಕ್ಕೆ, ಮುಗಿಯುವುದು 88ಕ್ಕೆ. 38 ಇದ್ದದ್ದು 58 ಆಯಿತು. ಸೆನ್ಸರ್ ಓದಿ ಮುಗಿಸಿದ ಮರುಕ್ಷಣವೇ ಮೌಲ್ಯ ಬದಲಾದರೆ ಎರಡು ಲೆಕ್ಕಕ್ಕೂ ಸುಮಾರು 40 ಸೇರಿಸಿ. ಮೂರೂ ಪಾರ್ಟಿಶನ್ ತಮ್ಮ ಪರೀಕ್ಷೆಗಳಲ್ಲಿ ಪಾಸಾಗಿರುತ್ತವೆ, ತಪ್ಪು ಯಾರದ್ದೂ ಆಗಿರುವುದಿಲ್ಲ. ಆದ್ದರಿಂದ ತುದಿಯಿಂದ ತುದಿಗೆ ಎಷ್ಟು ವಿಳಂಬ ತಡೆದುಕೊಳ್ಳಬಹುದು ಎಂಬ ಪಟ್ಟಿ ಮೊದಲು ಬರೆಯಬೇಕು, ಕಿಟಕಿ ಹಂಚುವುದು ಆಮೇಲೆ. ಹಂಚುವ ಅಧಿಕಾರ ಒಬ್ಬರ ಕೈಯಲ್ಲೇ ಇರಬೇಕು. ಹಂಚಿಕೊಂಡ ವಿಮಾನ ಕಂಪ್ಯೂಟರ್‌ಗಳ ಮಾರ್ಗದರ್ಶಿ ಡಿಒ-297 ಆ ಪಾತ್ರವನ್ನು ಎಲ್ಲವನ್ನೂ ಜೋಡಿಸುವ ಸಿಸ್ಟಮ್ ಇಂಟಿಗ್ರೇಟರ್‌ಗೆ ಕೊಡುವುದಕ್ಕೆ ಕಾರಣವಿದೆ.

ಇನ್ನು ಪಾರ್ಟಿಶನ್‌ಗಳು ಸಂದೇಶ ಕೊಟ್ಟು ತೆಗೆದುಕೊಳ್ಳುವ ಪೋರ್ಟ್‌ಗಳು. ಸ್ಯಾಂಪ್ಲಿಂಗ್ ಪೋರ್ಟ್‌ನಲ್ಲಿ ಯಾವಾಗಲೂ ಕೊನೆಯ ಸಂದೇಶ ಮಾತ್ರ ಇರುತ್ತದೆ. ಓದುವಾಗ ಸಂದೇಶದ ಜೊತೆಗೆ ಅದು ತಾಜಾ ಹೌದೋ ಅಲ್ಲವೋ ಎಂಬ ಗುರುತೂ ಬರುತ್ತದೆ. ಬರೆಯುವ ಪಾರ್ಟಿಶನ್ ಸತ್ತಿದ್ದರೂ ಹಳೆಯ ಸಂದೇಶ ಅಲ್ಲೇ ಬಿದ್ದಿರುತ್ತದೆ. ಆ ಗುರುತನ್ನು ನೋಡದ ಕೋಡ್ ಹಳೆಯ ಎತ್ತರವನ್ನೇ ನಿಷ್ಠೆಯಿಂದ ತೋರಿಸುತ್ತಾ ಹೋಗುತ್ತದೆ. ಕೋಡ್ ಪರಿಶೀಲನೆಯಲ್ಲಿ ಮೊದಲು ಹುಡುಕಬೇಕಾದ ತಪ್ಪು ಇದೇ. ಸಂದೇಶಗಳು ಸಾಲಾಗಿ ನಿಲ್ಲುವ ಕ್ಯೂಯಿಂಗ್ ಪೋರ್ಟ್‌ನಲ್ಲಿ ಆಳದ ಲೆಕ್ಕ ಬೇಕು. ಕಳಿಸುವವರು ಸೆಕೆಂಡಿಗೆ 50 ಬಾರಿ, ಓದುವವರು 10 ಬಾರಿ ಎಂದರೆ ಒಂದು ಓದಿಗೆ 5 ಸಂದೇಶ. ಒಂದು ಕಿಟಕಿ ತಪ್ಪಿದರೂ ಉಳಿಯಬೇಕೆಂದರೆ ಕನಿಷ್ಠ 10 ಸ್ಥಾನ. ಸಾಲು ತುಂಬಿ ಚೆಲ್ಲಿದರೆ ಓದುವ ಕರೆಗೆ ಇನ್ವ್ಯಾಲಿಡ್ ಕಾನ್ಫಿಗ್ ಎಂಬ ಉತ್ತರ ಬರುತ್ತದೆ. ಹೆಸರು ನೋಡಿ ಎಲ್ಲರೂ ಸಂರಚನೆಯ ಎಕ್ಸ್‌ಎಂಎಲ್ ಕಡತ ತೆರೆಯುತ್ತಾರೆ, ಸಮಸ್ಯೆ ಇರುವುದು ವೇಗದ ಲೆಕ್ಕದಲ್ಲಿ.

ಪ್ರೋಸೆಸ್, ಪೋರ್ಟ್, ಬಫರ್ ಎಲ್ಲವನ್ನೂ ಪಾರ್ಟಿಶನ್ ಆರಂಭವಾಗುವಾಗಲೇ ಸೃಷ್ಟಿಸಬೇಕು. ನಾರ್ಮಲ್ ಸ್ಥಿತಿಗೆ ಹೋದ ಮೇಲೆ ಹೊಸದೇನೂ ಹುಟ್ಟುವಂತಿಲ್ಲ. ಬೇಕಾದಾಗ ಥ್ರೆಡ್ ಹುಟ್ಟಿಸುವ ಹಳೆಯ ಲಿನಕ್ಸ್ ಕೋಡ್ ತಂದು ಇಲ್ಲಿ ನೆಡಲು ಹೊರಟವರು ಎಡವುವುದು ಇಲ್ಲೇ. ಯಾವ ದೋಷಕ್ಕೆ ಏನು ಮಾಡಬೇಕೆಂದು ಹೇಳುವ ಹೆಲ್ತ್ ಮಾನಿಟರ್ ಕೋಷ್ಟಕವನ್ನು ತಯಾರಕರು ಕೊಟ್ಟ ಮಾದರಿಯಲ್ಲೇ ಬಿಡಬೇಡಿ. ಯಾವುದೋ ಮನರಂಜನೆಯ ಪಾರ್ಟಿಶನ್‌ನಲ್ಲಿ ಸೊನ್ನೆಯಿಂದ ಭಾಗಿಸಿದ ದೋಷಕ್ಕೆ ಇಡೀ ಮಾಡ್ಯೂಲ್ ಮರುಚಾಲನೆ ಎಂದು ಬರೆದಿದ್ದರೆ, ಪಾರ್ಟಿಶನ್ ಮಾಡಿದ್ದೇ ವ್ಯರ್ಥ.

ಒಂದಕ್ಕಿಂತ ಹೆಚ್ಚು ಕೋರ್ ಇರುವ ಪ್ರೊಸೆಸರ್ ಬಂದಾಗ ಗೋಡೆ ಇನ್ನೂ ತೆಳುವಾಗುತ್ತದೆ. ಸಮಯ, ಮೆಮೊರಿ ಎರಡನ್ನೂ ಹಂಚಿದರೂ ಕ್ಯಾಶೆ ಮತ್ತು ಮೆಮೊರಿ ಬಸ್ ಎಲ್ಲ ಕೋರ್‌ಗಳಿಗೂ ಸಾಮಾನ್ಯ. ಪಕ್ಕದ ಕೋರ್ ಜೋರಾಗಿ ಮೆಮೊರಿ ಬಳಸಿದರೆ ನಿಮ್ಮ ಕೋಡ್ ನಿಧಾನವಾಗುತ್ತದೆ. ಇದಕ್ಕೆ ಉತ್ತರ ಏರಿಂಕ್ 653ರಲ್ಲಿ ಇಲ್ಲ, ಅದು ಪ್ರಮಾಣೀಕರಣದ ಕಡೆಯಿಂದ ಬರುತ್ತದೆ. ಪ್ರಮಾಣೀಕರಣ ಸಂಸ್ಥೆಗಳ 2016ರ ಕಾಸ್ಟ್-32ಎ ಪತ್ರದ ಜಾಗಕ್ಕೆ ಯುರೋಪಿನಲ್ಲಿ 2022ರಲ್ಲಿ ಎಎಂಸಿ 20-193, ಅಮೆರಿಕದಲ್ಲಿ 2024ರಲ್ಲಿ ಎಸಿ 20-193 ಎಂಬ ಮಾರ್ಗದರ್ಶಿಗಳು ಬಂದವು. ಹಸ್ತಕ್ಷೇಪದ ದಾರಿಗಳನ್ನು ಗುರುತಿಸಿ, ಅಳೆದು, ತಡೆದು ತೋರಿಸಬೇಕು. ಬೋರ್ಡ್ ಕೊಳ್ಳುವ ಮೊದಲೇ ಆ ಅಳತೆಯ ವರದಿ ಕೇಳುವುದು ಜಾಣತನ.

ಫೇಸ್: ಕೋಡ್ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಬೇಕಾದಾಗ

ಫೇಸ್ ಒಕ್ಕೂಟ 2010ರಲ್ಲಿ ದಿ ಓಪನ್ ಗ್ರೂಪ್ ಅಡಿಯಲ್ಲಿ ಶುರುವಾಯಿತು. ಹಿಂದೆ ಇದ್ದ ನೋವು ಸರಳ: ಒಂದೇ ಬಗೆಯ ಕೆಲಸದ ಸಾಫ್ಟ್‌ವೇರನ್ನು ಅಮೆರಿಕದ ಸೇನೆ ಪ್ರತಿ ವಿಮಾನಕ್ಕೂ ಹೊಸದಾಗಿ ಬರೆಸಿ ಹೊಸದಾಗಿ ಹಣ ಕೊಡುತ್ತಿತ್ತು. ಏರಿಂಕ್ 653 ಆಪರೇಟಿಂಗ್ ಸಿಸ್ಟಮ್‌ನ ಅಂಚನ್ನು ಮಾತ್ರ ಮುಕ್ತಗೊಳಿಸುತ್ತದೆ. ಫೇಸ್ ಅದರ ಮೇಲೆ ಇನ್ನೂ ನಾಲ್ಕು ಪದರ ಹಾಕುತ್ತದೆ: ಐ/ಒ ಸೇವೆ, ಪ್ಲಾಟ್‌ಫಾರ್ಮ್‌ಗೆ ಸೀಮಿತವಾದ ಸೇವೆ, ಸಾಗಣೆ ಸೇವೆ, ಎಲ್ಲಕ್ಕೂ ಮೇಲೆ ಸಾಗಿಸಬಹುದಾದ ಘಟಕಗಳು. 3.0 ಆವೃತ್ತಿ 2017ರಲ್ಲಿ, 3.1 ಆವೃತ್ತಿ 2020ರಲ್ಲಿ ಬಂತು.

ಐ/ಒ ಪದರಕ್ಕೂ ಪ್ಲಾಟ್‌ಫಾರ್ಮ್ ಪದರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೆಡುವ ಯೋಜನೆಗಳು ಹೆಚ್ಚು. ಐ/ಒ ಪದರಕ್ಕೆ ಗೊತ್ತಿರಬೇಕಾದದ್ದು 1553 ಬಸ್‌ನಿಂದ (ಸೇನಾ ವಿಮಾನದ ಉಪಕರಣಗಳನ್ನು ಜೋಡಿಸುವ ಹಳೆಯ ತಂತಿ) ದತ್ತಾಂಶದ ಪದಗಳನ್ನು ತರುವುದು ಹೇಗೆ ಎಂಬುದಷ್ಟೇ. ‘ಇಂಥ ರಿಮೋಟ್ ಟರ್ಮಿನಲ್‌ನ ಇಂಥ ಸಬ್‌ಅಡ್ರೆಸ್‌ನ ಮೂರನೇ ಪದವೇ ರೇಡಾರ್ ಎತ್ತರ’ ಎಂಬುದು ಗೊತ್ತಿರಬೇಕಾದದ್ದು ಪ್ಲಾಟ್‌ಫಾರ್ಮ್ ಪದರಕ್ಕೆ. ಮೇಲಿನ ಘಟಕಕ್ಕೆ ತಲುಪುವುದು ‘ಎತ್ತರ’ ಎಂಬ ಅರ್ಥ ಮಾತ್ರ. ಸಬ್‌ಅಡ್ರೆಸ್ ಸಂಖ್ಯೆ ಒಂದು ಸಲ ಮೇಲಿನ ಘಟಕದೊಳಗೆ ನುಸುಳಿತೆಂದರೆ, ಪ್ರಮಾಣಪತ್ರ ಇದ್ದರೂ ಅದು ಆ ಒಂದೇ ವಿಮಾನಕ್ಕೆ ಕಟ್ಟುಬಿದ್ದ ಹಾಗೆ.

ದತ್ತಾಂಶ ಮಾದರಿಯೇ ಫೇಸ್‌ನ ನಿಜವಾದ ಬೆಲೆ, ನಿಜವಾದ ತಲೆನೋವೂ ಅದೇ. ಮೂರು ಹಂತ. ಕಲ್ಪನೆಯ ಹಂತದಲ್ಲಿ ‘ವಿಮಾನದ ಎತ್ತರ’. ತಾರ್ಕಿಕ ಹಂತದಲ್ಲಿ ಅದು ಯಾವುದರಿಂದ ಅಳೆದದ್ದು (ವಾಯುಭಾರದಿಂದಲೋ, ನೆಲದಿಂದಲೋ, ಭೂಮಿಯ ಗಣಿತ ಆಕಾರವಾದ ಡಬ್ಲ್ಯುಜಿಎಸ್-84 ದೀರ್ಘವೃತ್ತಜದಿಂದಲೋ) ಮತ್ತು ಅಡಿಯೋ ಮೀಟರೋ ಎಂಬುದು. ಪ್ಲಾಟ್‌ಫಾರ್ಮ್ ಹಂತದಲ್ಲಿ ಫ್ಲೋಟೋ ಡಬಲ್ಲೋ ಎಂಬ ಸಂಖ್ಯೆಯ ರೂಪ. ಎರಡು ಘಟಕಗಳು ಎತ್ತರವನ್ನು ಫ್ಲೋಟ್ ಆಗಿ ಹಂಚಿಕೊಂಡರೆ ಕಂಪೈಲರ್ ಸುಮ್ಮನಿರುತ್ತದೆ. ಒಂದು ವಾಯುಭಾರದ ಅಡಿಯಲ್ಲಿ, ಇನ್ನೊಂದು ದೀರ್ಘವೃತ್ತಜದ ಮೀಟರಿನಲ್ಲಿ ಇದೆ ಎಂದು ಹಿಡಿಯುವುದು ಎರಡನೇ ಹಂತವೇ. ಆದರೆ ಬಹಳ ತಂಡಗಳು ಕೋಡ್ ಮುಗಿಸಿ, ಪ್ರಮಾಣಪತ್ರಕ್ಕೆ ಬೇಕೆಂದು ಕೊನೆಗೆ ಮಾದರಿ ಬರೆಯುತ್ತವೆ. ಹಾಗೆ ಬರೆದ ಮಾದರಿ ಪರೀಕ್ಷೆ ದಾಟುತ್ತದೆ, ಏನನ್ನೂ ಹಿಡಿಯುವುದಿಲ್ಲ. ಮಾದರಿ ಮೊದಲು, ಅದರಿಂದ ಹೆಡರ್ ಕಡತ, ಆಮೇಲೆ ಕೋಡ್.

ಪ್ರೊಫೈಲ್ ನಾಲ್ಕು: ಭದ್ರತೆ, ಸುರಕ್ಷತೆ ಮೂಲ, ಸುರಕ್ಷತೆ ವಿಸ್ತೃತ, ಸಾಮಾನ್ಯ ಬಳಕೆ. ಭದ್ರತೆಯದ್ದು ಅತಿ ಚಿಕ್ಕ ಕರೆಪಟ್ಟಿ, ಸಾಮಾನ್ಯ ಬಳಕೆಯದ್ದು ಅತಿ ದೊಡ್ಡದು. ಚಿಕ್ಕದಕ್ಕೆ ಬರೆದದ್ದು ದೊಡ್ಡದರಲ್ಲಿ ಓಡುತ್ತದೆ, ತಿರುಗಿಸಿದರೆ ಓಡುವುದಿಲ್ಲ. ಹಾಗಾಗಿ ಮುಂದೆ ಎಂದಾದರೂ ಸುರಕ್ಷತೆ ಬೇಕಾಗಬಹುದು ಎನಿಸಿದರೆ ಮೊದಲ ದಿನದಿಂದಲೇ ಸುರಕ್ಷತೆ ಮೂಲಕ್ಕೆ ಬರೆಯಿರಿ. ನಡುವೆ ಇಳಿಯುವುದು ಅರ್ಧ ಕೋಡ್ ತಿರುಗಿ ಬರೆಯುವ ಕೆಲಸ.

ಅನುಸರಣೆಯ ದಾರಿ ಹೀಗಿದೆ. ಘಟಕ ಯಾವ ಪದರದ್ದು, ಯಾವ ಪ್ರೊಫೈಲ್‌ನದು ಎಂದು ನಿರ್ಧರಿಸಿ ಹಂಚಿಕೊಂಡ ದತ್ತಾಂಶ ಮಾದರಿಯ ಮೇಲೆ ನಿಮ್ಮ ಮಾದರಿ ಕಟ್ಟಬೇಕು. ಅನುಸರಣೆ ಪರಿಶೀಲನಾ ಕೋಷ್ಟಕ ತುಂಬಿ ಪರೀಕ್ಷಾ ಸಾಧನ ಓಡಿಸಬೇಕು. ಮಾನ್ಯತೆ ಪಡೆದ ಪರಿಶೀಲಕರಿಗೆ ಎಲ್ಲವನ್ನೂ ಕೊಡಬೇಕು. ಅವರ ಒಪ್ಪಿಗೆಯ ಮೇಲೆ ಪ್ರಮಾಣಪತ್ರ, ಕೊನೆಗೆ ನೋಂದಣಿ. ಪರೀಕ್ಷಾ ಸಾಧನ ನೋಡುವುದು ನಿಮ್ಮ ಆಬ್ಜೆಕ್ಟ್ ಕೋಡ್ ಅನುಮತಿ ಇರುವ ಕರೆಗಳಿಗೆ ಮಾತ್ರ ಲಿಂಕ್ ಆಗುತ್ತದೆಯೇ ಎಂದು. ಹಾಗಾಗಿ ಡೀಬಗ್‌ಗೆಂದು ಹಾಕಿ ಮರೆತ ಒಂದು ಕರೆ, ಕಂಪೈಲರ್ ತಾನಾಗಿ ಸೇರಿಸಿದ ಸಹಾಯಕ ಫಂಕ್ಷನ್, ಹೊರಗಿನ ಲೈಬ್ರರಿಯ ಒಳಗೆ ಅಡಗಿದ ಸಾಕೆಟ್, ಇವೇ ಬೀಳಿಸುತ್ತವೆ. ವಾರಕ್ಕೊಮ್ಮೆಯಾದರೂ ಬಿಲ್ಡ್ ಜೊತೆಗೇ ಓಡಿಸಿ, ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಫೇಸ್ ಪ್ರಮಾಣಪತ್ರ ಏನು ಹೇಳುವುದಿಲ್ಲ ಎಂಬುದು ಏನು ಹೇಳುತ್ತದೆ ಎಂಬುದಕ್ಕಿಂತ ಮುಖ್ಯ. ಘಟಕ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಅದು ಹೇಳುವುದಿಲ್ಲ. ಹಾರಲು ಯೋಗ್ಯ ಎಂದೂ ಹೇಳುವುದಿಲ್ಲ. ಪ್ರಮಾಣಪತ್ರ ಇರುವ ಎರಡು ಘಟಕಗಳು ಎರಡು ಬೇರೆ ಪೆಟ್ಟಿಗೆಗಳಲ್ಲಿ ಕೂತು ಮಾತಾಡಿಕೊಳ್ಳುತ್ತವೆ ಎಂಬ ಖಾತ್ರಿಯೂ ಇಲ್ಲ, ಏಕೆಂದರೆ ತಂತಿಯ ಮೇಲೆ ಹೋಗುವ ರೂಪವನ್ನು ಫೇಸ್ ನಿಗದಿ ಮಾಡುವುದಿಲ್ಲ. ಅದು ಭರವಸೆ ಕೊಡುವುದು ಕೋಡ್ ಸಾಗಿಸುವುದಕ್ಕೆ, ಪೆಟ್ಟಿಗೆಗಳ ಸಂಭಾಷಣೆಗಲ್ಲ.

ಡಿಡಿಎಸ್, ಒಎಂಎಸ್: ಪೆಟ್ಟಿಗೆಗಳು ಮಾತಾಡಬೇಕಾದಾಗ

ಆ ಸಂಭಾಷಣೆಯೇ ನಿಮ್ಮ ಸಮಸ್ಯೆಯಾಗಿದ್ದರೆ ಡಿಡಿಎಸ್ ನೋಡಿ. ಒಎಂಜಿ ಸಂಸ್ಥೆಯ ಈ ಮಾನದಂಡಕ್ಕೆ ಆರ್‌ಟಿಪಿಎಸ್ ಎಂಬ ತಂತಿಮಟ್ಟದ ರೂಪವೂ ಇರುವುದರಿಂದ ಬೇರೆ ತಯಾರಕರ ಎರಡು ಅಳವಡಿಕೆಗಳು ಮಾತಾಡಬಲ್ಲವು. ನೆಲದ ನಿಯಂತ್ರಣ ಕೇಂದ್ರ, ಪ್ರಯೋಗಾಲಯ, ಮಾನವರಹಿತ ವಿಮಾನದ ಪೇಲೋಡ್, ಇಲ್ಲೆಲ್ಲ ಚೆನ್ನಾಗಿ ಹೊಂದುತ್ತದೆ.

ಅದರಲ್ಲಿ ಕಾಡುವುದು ಮೌನ. ಓದುವವರು ‘ರಿಲಯಬಲ್’ ಕೇಳಿ, ಬರೆಯುವವರು ‘ಬೆಸ್ಟ್ ಎಫರ್ಟ್’ ಕೊಟ್ಟರೆ ಇಬ್ಬರೂ ಜೋಡಿಯಾಗುವುದೇ ಇಲ್ಲ. ಓದುವವರು 50 ಮಿಲಿಸೆಕೆಂಡ್ ಗಡುವು ಕೇಳಿ, ಬರೆಯುವವರು 100 ಎಂದರೂ ಅಷ್ಟೇ. ಪ್ರೋಗ್ರಾಂ ಬೀಳುವುದಿಲ್ಲ, ದತ್ತಾಂಶ ಬರುವುದಿಲ್ಲ. ಹೊಂದಾಣಿಕೆಯಾಗದ ಗುಣಮಟ್ಟದ ಸೂಚನೆಯನ್ನು ಕೇಳುವ ಲಿಸನರ್ ಬರೆದು, ಅದು ಬಂದರೆ ಲಾಗ್‌ನಲ್ಲಿ ಕೂಗುವಂತೆ ಮಾಡುವುದು ಅರ್ಧ ದಿನದ ಕೆಲಸ, ಉಳಿಸುವುದು ವಾರಗಳನ್ನು. ಇನ್ನೊಂದು ತೊಂದರೆ, ಆರಂಭದಲ್ಲಿ ಒಬ್ಬರನ್ನೊಬ್ಬರು ಹುಡುಕುವ ಸಂಚಾರ. ಘಟಕಗಳು ಹೆಚ್ಚಾದಂತೆ ಅದೂ ಬೆಳೆಯುತ್ತದೆ, ನಿಧಾನದ ರೇಡಿಯೋ ಕೊಂಡಿಯನ್ನು ತುಂಬಿಬಿಡುತ್ತದೆ. ಹಾರಾಟ ನಿಯಂತ್ರಣದಂಥ ಅತ್ಯುನ್ನತ ಮಟ್ಟದ ಕೆಲಸಕ್ಕೆ ಪೂರ್ಣ ಡಿಡಿಎಸ್ ತರಬೇಡಿ. ಓಡುವಾಗ ಮೆಮೊರಿ ಹಂಚುವ, ಓಡುವಾಗ ಜೊತೆಗಾರರನ್ನು ಹುಡುಕುವ ಕೋಡ್‌ಗೆ ಆ ಮಟ್ಟದ ಪುರಾವೆ ಕಟ್ಟುವುದು ಬೆವರಿಳಿಸುವ ಕೆಲಸ.

ಒಎಂಎಸ್ ಮಾನದಂಡ ಮತ್ತು ಅದರ ಸಂದೇಶಗಳನ್ನು ನಿಗದಿಪಡಿಸುವ ಯುಸಿಐ ಅಮೆರಿಕದ ವಾಯುಪಡೆಯ ಕಡೆಯವು. ಸೆನ್ಸರ್, ಆಯುಧ, ಕಾರ್ಯಾಚರಣೆ ಯೋಜನೆಯಂಥ ಉಪವ್ಯವಸ್ಥೆಗಳನ್ನು ಸೇವೆಗಳಂತೆ ಜೋಡಿಸುವುದು ಇವುಗಳ ಉದ್ದೇಶ. ಸಂದೇಶದ ರೂಪ ಎಕ್ಸ್‌ಎಂಎಲ್ ಸ್ಕೀಮಾದಲ್ಲಿದೆ. ಆವೃತ್ತಿ ಬದಲಾದಾಗ ಎರಡೂ ಕಡೆ ಒಟ್ಟಿಗೆ ಏರಿಸದಿದ್ದರೆ ನಡುವೆ ಅನುವಾದಕವೊಂದನ್ನು ಬರೆದು ಸಾಕಬೇಕಾಗುತ್ತದೆ. ಫೇಸ್ ಜೊತೆ ಇದಕ್ಕೆ ಜಗಳವಿಲ್ಲ. ಪೆಟ್ಟಿಗೆಯ ಒಳಗೆ ಫೇಸ್, ಹೊರಗೆ ಯುಸಿಐ ಸಂದೇಶ ಎಂದು ಇಟ್ಟುಕೊಳ್ಳಬಹುದು.

ತಂತಿ, ಹಲಗೆ, ಪರದೆ

ಇಲ್ಲಿ ಆಯ್ಕೆ ಬಹಳವಾಗಿ ಇಲ್ಲ. ಹಳೆಯ ಸೇನಾ ವಿಮಾನದಲ್ಲಿ ಮಿಲ್-ಸ್ಟಾಂಡರ್ಡ್-1553ಬಿ ಆಗಲೇ ಇರುತ್ತದೆ: ಸೆಕೆಂಡಿಗೆ 1 ಮೆಗಾಬಿಟ್, 31 ಟರ್ಮಿನಲ್, ಒಂದು ಸಂದೇಶಕ್ಕೆ ಗರಿಷ್ಠ 32 ಪದ. ಪೂರ್ಣ ಸಂದೇಶವೊಂದಕ್ಕೆ ಅಂತರ, ಉತ್ತರ ಎಲ್ಲ ಸೇರಿ ಸುಮಾರು 0.7 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ 20 ಮಿಲಿಸೆಕೆಂಡ್ ಆವರ್ತದಲ್ಲಿ 28ರ ಆಸುಪಾಸು. ಹೊಸ ಘಟಕ ಸೇರಿಸುವ ಮೊದಲು ಈ ಲೆಕ್ಕ ಮಾಡಿ. ಸಾಫ್ಟ್‌ವೇರ್ ಎಷ್ಟೇ ಮುಕ್ತವಾಗಿದ್ದರೂ ಬಸ್ ತುಂಬಿದ್ದರೆ ಜಾಗವಿಲ್ಲ.

ಏರ್‌ಬಸ್ ಎ380, ಬೋಯಿಂಗ್ 787ರಂಥ ನಾಗರಿಕ ವಿಮಾನಗಳಲ್ಲಿರುವುದು ಏರಿಂಕ್ 664 ಭಾಗ 7 ಎಂಬ ಈಥರ್ನೆಟ್ ಆಧಾರಿತ ಜಾಲ. ಪ್ರತಿ ವರ್ಚುವಲ್ ಲಿಂಕ್‌ಗೂ (ಕಳಿಸುವವರಿಗೆ ಮೀಸಲಾದ ದಾರಿ) ಎರಡು ಫ್ರೇಮ್‌ಗಳ ನಡುವೆ 1ರಿಂದ 128 ಮಿಲಿಸೆಕೆಂಡ್‌ವರೆಗಿನ ಕನಿಷ್ಠ ಅಂತರವನ್ನು ಎರಡರ ಘಾತಗಳಲ್ಲಿ ಕೊಡಲಾಗುತ್ತದೆ. 1 ಮಿಲಿಸೆಕೆಂಡಿಗೊಂದು ಪೂರ್ಣ ಗಾತ್ರದ ಫ್ರೇಮ್ ಎಂದರೆ ಒಂದೇ ಲಿಂಕ್ 100 ಮೆಗಾಬಿಟ್‌ನಲ್ಲಿ 12 ಮೆಗಾಬಿಟ್‌ಗೂ ಹೆಚ್ಚು ತಿನ್ನುತ್ತದೆ. ‘ಯಾವುದಕ್ಕೂ ಇರಲಿ’ ಎಂದು ಎಲ್ಲರೂ 1 ಕೇಳಿದರೆ ಎಂಟು ಲಿಂಕ್‌ಗೆ ಜಾಲ ಮುಗಿಯಿತು.

ಸೆನ್ಸರ್ ಪಾಡ್‌ನ ಬೋರ್ಡ್‌ಗಳನ್ನೇ ಬದಲಿಸುತ್ತಾ ಹೋಗುವ ಯೋಚನೆ ಇದ್ದರೆ 2021ರಲ್ಲಿ 1.0 ಆವೃತ್ತಿ ಬಂದ, ಸೆನ್ಸರ್ ವ್ಯವಸ್ಥೆಗಳ ಮಾನದಂಡ ಸೋಸಾ. ಬೋರ್ಡ್‌ಗಳ ಮಾನದಂಡ ಓಪನ್‌ವಿಪಿಎಕ್ಸ್‌ನ ನೂರಾರು ಆಯ್ಕೆಗಳನ್ನು ಕೆಲವಕ್ಕೆ ಇಳಿಸುವುದೇ ಅದರ ದೊಡ್ಡ ಉಪಕಾರ. ಕಾಕ್‌ಪಿಟ್ ಪರದೆ ಒಬ್ಬರದು, ಅದರಲ್ಲಿ ತೋರಿಸುವ ಅಪ್ಲಿಕೇಶನ್ ಇನ್ನೊಬ್ಬರದು ಆಗಬೇಕಿದ್ದರೆ ಏರಿಂಕ್ 661. ಗುಂಡಿ, ಪಟ್ಟಿ ಎಲ್ಲ ಪರದೆಯ ಕಡೆಯವು, ಅವುಗಳ ಜೋಡಣೆ ವ್ಯಾಖ್ಯಾನ ಕಡತದಲ್ಲಿ. ಪರದೆ ಬದಲಿಸುವ ಉದ್ದೇಶವಿಲ್ಲದಿದ್ದರೆ ಅದರ ಗೊಡವೆ ಬೇಡ.

ನಾಗರಿಕ, ಸೇನೆ: ಹಸಿವೇ ಬೇರೆ

ಅಮೆರಿಕದಲ್ಲಿ 2017ರ ರಕ್ಷಣಾ ಕಾಯಿದೆಯ ಪ್ರಕಾರ 2019ರ ಜನವರಿ 1ರ ನಂತರದ ದೊಡ್ಡ ರಕ್ಷಣಾ ಖರೀದಿಗಳು ಸಾಧ್ಯವಾದ ಮಟ್ಟಿಗೆ ಮಾಡ್ಯುಲರ್ ಮುಕ್ತ ವಿಧಾನದಲ್ಲಿ ಇರಬೇಕು. ಅಲ್ಲಿನ ಹಸಿವು ತಯಾರಕರ ಹಿಡಿತದಿಂದ ಬಿಡುಗಡೆ, ಹೊಸ ಅಪಾಯಕ್ಕೆ ಬೇಗ ಬದಲಾವಣೆ. ನಾಗರಿಕ ವಿಮಾನದಲ್ಲಿ ಕೋಡ್ ಸಾಗಿಸುವುದಕ್ಕಿಂತ ಪುರಾವೆ ಸಾಗಿಸುವುದು ದುಬಾರಿ. ಡಿಒ-178ಸಿಯಲ್ಲಿ ಅತಿ ಕಟ್ಟುನಿಟ್ಟಿನ ಎ ಮಟ್ಟಕ್ಕೆ 71 ಗುರಿ, ಬಿ ಮಟ್ಟಕ್ಕೆ 69, ಸಿಗೆ 62, ಡಿಗೆ 26. ಘಟಕವನ್ನು ಹೊಸ ಪ್ರೊಸೆಸರ್‌ಗೆ ಒಯ್ದರೆ ಅವಶ್ಯಕತೆ, ವಿನ್ಯಾಸದ ಪುರಾವೆ ಬಹುಪಾಲು ಉಳಿಯುತ್ತದೆ. ಆದರೆ ಗುರಿ ಯಂತ್ರದ ಮೇಲಿನ ಪರೀಕ್ಷೆ, ಗರಿಷ್ಠ ಓಟದ ಸಮಯ, ಸ್ಟ್ಯಾಕ್ ಬಳಕೆ ಮತ್ತೆ ತೋರಿಸಬೇಕು. ಹಾಗಾಗಿ ನಾಗರಿಕ ಯೋಜನೆಗೆ ಫೇಸ್‌ಗಿಂತ ಡಿಒ-297ರ ಹಂತಹಂತದ ಒಪ್ಪಿಗೆ ಮತ್ತು ಮರುಬಳಕೆ ಘಟಕಗಳ ಅಮೆರಿಕದ ಮಾರ್ಗದರ್ಶಿ ಎಸಿ 20-148 ಹೆಚ್ಚು ಹಣ ಉಳಿಸುತ್ತವೆ.

ಹಾಗಾದರೆ ಯಾವುದು?

ಹೊಸ ನಾಗರಿಕ ಪ್ರಯಾಣಿಕ ವಿಮಾನಕ್ಕೆ ಡಿಒ-297 ಚೌಕಟ್ಟಿನಲ್ಲಿ ಏರಿಂಕ್ 653, 664, 661. ಫೇಸ್ ಬೇಕಿಲ್ಲ, ಆದರೆ ಅದರ ಮೂರು ಹಂತದ ದತ್ತಾಂಶ ಮಾದರಿಯ ಅಭ್ಯಾಸ ಎರವಲು ತೆಗೆದುಕೊಳ್ಳಿ.

1553 ಇರುವ ಹಳೆಯ ಸೇನಾ ಹೆಲಿಕಾಪ್ಟರ್ ನವೀಕರಿಸುವುದಾದರೆ ಮಿಷನ್ ಕಂಪ್ಯೂಟರ್‌ನಲ್ಲಿ ಮಾತ್ರ ಫೇಸ್. ಹಾರಾಟ ನಿಯಂತ್ರಣವನ್ನು ಮುಟ್ಟಬೇಡಿ. ಹಳೆಯ ಉಪಕರಣಗಳ ವಿಚಿತ್ರಗಳನ್ನೆಲ್ಲ ಪ್ಲಾಟ್‌ಫಾರ್ಮ್ ಪದರದೊಳಗೆ ಕಟ್ಟಿಹಾಕಿ.

ಚಿಕ್ಕ ಮಾನವರಹಿತ ವಿಮಾನಕ್ಕೆ ಪೋಸಿಕ್ಸ್ ಮತ್ತು ಡಿಡಿಎಸ್ ಸಾಕು, ನೆಲದ ಕೇಂದ್ರ ಹಲವು ದೇಶಗಳದ್ದಾದರೆ ನ್ಯಾಟೋದ ಸ್ಟಾನಾಗ್ 4586. ಪೋಸಿಕ್ಸ್ ಎಂದಷ್ಟೇ ಬರೆದು ಬಿಡಬೇಡಿ. ಪಿಎಸ್‌ಇ52 ಒಂದೇ ಪ್ರೋಸೆಸ್‌ನ ಪ್ರೊಫೈಲ್, ಹಲವು ಪ್ರೋಸೆಸ್ ಬೇಕಾದರೆ ಪಿಎಸ್‌ಇ53. ಹೊಸ ಪ್ರೋಸೆಸ್ ಹುಟ್ಟಿಸುವ ಫೋರ್ಕ್ ಕರೆ ಬಳಸುವ ಕೋಡ್ ಮೊದಲನೆಯದರಲ್ಲಿ ಓಡುವುದೇ ಇಲ್ಲ.

ಒಂದೇ ಕೆಲಸದ, ಒಂದೇ ತಯಾರಕರ, ಎ ಮಟ್ಟದ ಪೆಟ್ಟಿಗೆಗೆ ಇವು ಯಾವುವೂ ಬೇಡ. ಸರದಿ ಪ್ರಕಾರ ಕೆಲಸ ಕರೆಯುವ ಸರಳ ಲೂಪ್, ಹೊರಗೆ ಚೆನ್ನಾಗಿ ಬರೆದ ಇಂಟರ್ಫೇಸ್ ದಾಖಲೆ ಸಾಕು. ಹೀಗೆ ಹೇಳಿದರೆ ಸಭೆಯಲ್ಲಿ ಹಳೆಕಾಲದವರು ಅನ್ನಿಸಿಕೊಳ್ಳಬಹುದು. ಅನ್ನಿಸಿಕೊಳ್ಳಿ.

ಯಾವುದನ್ನೇ ಆರಿಸಿದರೂ ಕರಾರಿನಲ್ಲಿ ಮಾನದಂಡದ ಹೆಸರು ಬರೆದು ಸುಮ್ಮನಾಗಬಾರದು. ಆವೃತ್ತಿ, ಪ್ರೊಫೈಲ್, ದತ್ತಾಂಶ ಮಾದರಿಯ ಮೂಲ ಕಡತ, ಸಂರಚನೆಯ ಎಕ್ಸ್‌ಎಂಎಲ್, ಅದನ್ನು ಓದುವ ಉಪಕರಣದ ಪರವಾನಗಿ ಮತ್ತು ಅರ್ಹತಾ ಪುರಾವೆ, ಇವಿಷ್ಟೂ ನಿಮ್ಮ ಕೈಗೆ ಬರಬೇಕು ಎಂದು ಹೆಸರು ಹೇಳಿ ಬರೆಯಿರಿ. ಇಂಟರ್ಫೇಸ್ ಮುಕ್ತ, ಸಂರಚನೆಯ ಉಪಕರಣ ಮಾತ್ರ ತಯಾರಕರ ಬೀಗದೊಳಗೆ ಎಂದಾಗುವುದು ಅಪರೂಪವಲ್ಲ. ಒಂದು ಪರೀಕ್ಷೆಯನ್ನೂ ಕರಾರಿಗೆ ಸೇರಿಸಿ: ಅಂತಿಮ ಒಪ್ಪಿಗೆಗೆ ಆರು ತಿಂಗಳ ಮೊದಲು, ಮೂಲ ಕೋಡ್ ನೋಡದ ಎರಡನೇ ತಂಡಕ್ಕೆ ದಾಖಲೆ ಮತ್ತು ಮಾದರಿಗಳನ್ನು ಮಾತ್ರ ಕೊಟ್ಟು, ಒಂದು ಘಟಕದ ಜಾಗಕ್ಕೆ ಹೂಡಬಹುದಾದ ಬದಲಿ ಘಟಕ ಬರೆಸಿ ಓಡಿಸುವುದು. ಆ ತಂಡ ಕೇಳುವ ಪ್ರತಿ ಪ್ರಶ್ನೆಯೂ ದಾಖಲೆಯಲ್ಲಿ ಇರಬೇಕಾಗಿದ್ದ, ಇಲ್ಲದ ಒಂದು ಸಾಲು. ತಯಾರಕರಿಗೆ ಕೊನೆಯ ಕಂತು ಕೊಡುವ ಮುನ್ನ ಆ ಸಾಲುಗಳನ್ನು ಬರೆಸಿಕೊಳ್ಳಿ.